ಕತ್ತರಿಸಿ ತೆಗೆದ ದನಿ

ಭಾಲ್ಕಿಯ ವಿಶಾಖಾ ಬೀದರಿನಲ್ಲಿ ಇಂಗ್ಲಿಷ್ ಎಂ.ಎ. ಕೊನೆಯ ವರ್ಷದಲ್ಲಿದ್ದಳು. ಇಂಗ್ಲಿಷ್ ಕಲಿಯುವವರ ನಾಲಿಗೆಯ ಮೇಲೆ ಮನೆಮಾತು ಹೇಗೆ ಕೂತಿರುತ್ತದೆ ಎಂಬುದು ಅವಳ ಪ್ರಾಜೆಕ್ಟು. ಮಾತು ರೆಕಾರ್ಡ್ ಮಾಡಿಕೊಳ್ಳುತ್ತೇನೆ ಅಂದರೆ ಯಾರೂ ಬಾಯಿ ಬಿಡಲೊಲ್ಲರು. ಒಪ್ಪಿದವಳು ಒಬ್ಬಳೇ, ಮೊದಲ ವರ್ಷದ ಸುಜಾತಾ. ಔರಾದ ಹತ್ತಿರದ ಹಳ್ಳಿಯ, ಕುರಿ ಸಾಕುವ ಮನೆಯ ಹುಡುಗಿ.

“ನಿಮಗ ಉಪಯೋಗ ಆದ್ರ ಸಾಕು ಬಿಡ್ರಿ ಅಕ್ಕಾ,” ಅಂದಳು.

“ನಿನ್ನ ಹೆಸರು ಎಲ್ಲೂ ಹೇಳಂಗಿಲ್ಲ,” ಎಂದು ವಿಶಾಖಾ ಮಾತು ಕೊಟ್ಟಳು.

ರೂಮಿಗೆ ಬಂದು ರೆಕಾರ್ಡಿಂಗ್ ಹಚ್ಚಿದಾಗ ಮೊದಲು ಕೇಳಿದ್ದು ತನ್ನದೇ ದನಿ. “ಯು ಯೆವ್ರಿ ಡೇ ವಾಟ್ ಟೈಮ್ ಗೆಟ್ಟಪ್?” ಮತ್ತೊಮ್ಮೆ ಕೇಳಿದಳು. ಕಿವಿ ಬಿಸಿಯಾಯಿತು. ‘ನಮ್ಮ ವಿಶಾಖಾ ಇಂಗ್ಲಿಷ್ ಫಡಫಡ ಮಾತಾಡ್ತಾಳ’ ಎಂದು ಅಪ್ಪ ಮಚ್ಛೇಂದ್ರ ಭಾಲ್ಕಿಯಲ್ಲಿ ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದ. ಅವಳು ತನ್ನ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೆಗೆದಳು. ಸುಜಾತಾಳ ಉತ್ತರಗಳಷ್ಟೇ ಉಳಿದವು.

ಸೆಮಿನಾರಿನ ದಿನ ಅದನ್ನು ಹಚ್ಚಿದಳು. “ಐ ಔರಾದ್ ಫ್ರಮ್ ಡೈಲಿ ಬಸ್ಸು ಇನ್ ಕಮಿಂಗ್. ಮೈ ಮದರ್ ಹಾಟ್ ಹಾಟ್ ರೊಟ್ಟಿ ಗಿವಿಂಗ್.” ಕ್ಲಾಸು ಗೊಳ್ಳೆಂದಿತು. ಆ ನಗೆ ವಿಶಾಖಾಗೆ ಏರಿತು. “ಇಸ್ಕೂಲ್” ಅಂದದ್ದನ್ನು ಎರಡು ಸಲ ಹಚ್ಚಿದಳು, ಮೂರನೇ ಸಲ ತಾನೇ ಅಣಕಿಸಿ ತೋರಿಸಿದಳು. ಆಮೇಲೆ ಕಣ್ಣೆತ್ತಿದರೆ ಕೊನೆಯ ಬೆಂಚಿನಲ್ಲಿ ಸುಜಾತಾ! ತನ್ನ ದನಿ ಎಲ್ಲರ ಮುಂದೆ ಕೇಳುತ್ತದೆಂಬ ಹಿಗ್ಗಿಗೆ ಬಂದು ಕೂತಿದ್ದಳು. ಎಲ್ಲರ ಜೊತೆ ಅವಳೂ ನಗುತ್ತಿದ್ದಳು, ಸೆರಗಿನಂತೆ ಓಢಣಿಯನ್ನು ಬಾಯಿಗೆ ಒತ್ತಿಕೊಂಡು.

ಮಾರನೇ ದಿನ ಸುಜಾತಾ ಬರಲಿಲ್ಲ. ನಾಲ್ಕು ದಿನ ಬರಲಿಲ್ಲ. ರವಿವಾರ ವಿಶಾಖಾ ಔರಾದ ಬಸ್ಸು ಹತ್ತಿದಳು.

ಸುಜಾತಾಳ ತಾಯಿ ಸುಂದರಬಾಯಿ ಅಂಗಳದಲ್ಲೇ ಎದುರಾದಳು. “ಬರ್ರಿ, ಬರ್ರಿ! ನಮ್ಮ ಹುಡುಗಿ ಆವಾಜ್ ಕಾಲೇಜಿನ್ಯಾಗ ಕೇಳಿಸಿದಾಕಿ ನೀನಾ ಏನವ್ವಾ? ಎಲ್ಲರಿಗೂ ಭಾಳ ಪಸಂದ ಬಿತ್ತಂತ. ಮನಿಗಿ ಬಂದು ಅದನ್ನೇ ಹೇಳಿದಳು. ಈಗ ನಾಕು ದಿನಾ ಆತು, ತಲಿನೋವು ಅಂತ ಮಲಗ್ಯಾಳ ನೋಡು.”

ವಿಶಾಖಾ ತಲೆ ತಗ್ಗಿಸಿದಳು. ಆಕೆ ಕೊಟ್ಟ ಚಹಾ ಕೈಯಲ್ಲೇ ಆರಿತು. ಖರೆ ಹೇಳಬೇಕೆಂದು ಬಂದವಳಿಗೆ ಆ ತಾಯಿಯ ಮುಖ ನೋಡಿ ನಾಲಿಗೆ ಏಳಲಿಲ್ಲ.

ಬಸ್ಸಿನವರೆಗೆ ಕಳಿಸಲು ಸುಜಾತಾ ಬಂದಳು. ದಾರಿಯಲ್ಲಿ ವಿಶಾಖಾ ಮೊಬೈಲ್ ತೆಗೆದು, ಕತ್ತರಿಸದೆ ಉಳಿದಿದ್ದ ಮೂಲ ರೆಕಾರ್ಡಿಂಗ್ ಹಚ್ಚಿದಳು. ಸುಜಾತಾ ನಿಂತು ಪೂರಾ ಕೇಳಿದಳು.

“ನಾನೂ ನಿನ್ನಂಗೇ ಮಾತಾಡ್ತೇನಿ ಸುಜಾತಾ. ಅದನ್ನ ಮುಚ್ಚಿಟ್ಟು ನಿನ್ನ ನಗೆಗೇಡು ಮಾಡಿದೆ. ತಪ್ಪಾತು.”

“ನನಗ ಗೊತ್ತಿತ್ರಿ,” ಅಂದಳು ಸುಜಾತಾ. “ನೀವು ಕೇಳಿದ್ದು ನನಗ ನೆನಪಿತ್ತಲ್ಲ. ಕ್ಲಾಸಿನ್ಯಾಗ ನಿಮ್ಮ ದನಿ ಯಾಕ ಬರವಲ್ದು, ಯಾಕ ಬರವಲ್ದು ಅಂತ ಕಾಯ್ಕೋತ ಕೂತಿದ್ದೆ.” ಬಸ್ಸು ಬಂದಾಗ, “ಅವ್ವಗ ಮಾತ್ರ ಹೇಳಬ್ಯಾಡ್ರಿ,” ಅಂದಳು.

ಸೋಮವಾರ ವಿಶಾಖಾ ಗೈಡ್ ನಂದಕುಮಾರ ಸರ್ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡಳು. “ನಾಳೆ ಪೂರಾ ಹಚ್ಚು,” ಅಂದರು ಅವರು. ಹಚ್ಚಿದಳು. ಕ್ಲಾಸು ಅವಳಿಗೂ ನಕ್ಕಿತು, ಆದರೆ ಮೊದಲಿನಷ್ಟಲ್ಲ. ಭಾಲ್ಕಿ ಪೇಟೆಯವಳು, ತಮ್ಮದೇ ಕ್ಲಾಸಿನವಳಲ್ಲವೆ, ತಡೆದು ನಕ್ಕರು. ಅದೂ ಅವಳಿಗೆ ಚುಚ್ಚಿತು.

ಸುಜಾತಾ ಮತ್ತೆ ಬರತೊಡಗಿದಳು. ಎದುರು ಸಿಕ್ಕರೆ “ಉಂಡ್ರ್ಯಾ ಅಕ್ಕಾ?” ಎಂದು ಕೇಳುತ್ತಾಳೆ. ಆದರೆ ವಿಶಾಖಾ ಇದ್ದಲ್ಲಿ ಅವಳ ಬಾಯಿಂದ ಒಂದೇ ಒಂದು ಇಂಗ್ಲಿಷ್ ಮಾತು ಇವತ್ತಿಗೂ ಹೊರಟಿಲ್ಲ.