ಎತ್ತಿದ ಬೆರಳು

ಮತ್ತೆ ಎದ್ದಿತು ಬೆರಳು, ಬಿಳಿ ಹಾಸಿಗೆಯನ್ನು ಒಮ್ಮೆ ತಟ್ಟಿ, ಎದ್ದು, ಗಾಳಿಯಲ್ಲಿ ಹಾಗೇ ನಿಂತಿತು, ಟ್ಯಾಪ್, ಆಮೇಲೆ ಹೋಲ್ಡ್, ಎಂದಿತು ಹೇಮಾವತಿಯ ತಲೆ ತನ್ನಷ್ಟಕ್ಕೆ, ಛೆ, ಇದು ಆಫೀಸಲ್ಲ, ಹೊಸಪೇಟೆಯ ಆಸ್ಪತ್ರೆ, ಮಂಚದ ಮೇಲೆ ತಾಯಕ್ಕಜ್ಜಿ, ಲಕ್ವಾ ಹೊಡೆದು ಮೂರು ದಿನ, ಮಾತು ಹೋಯಿತು, ಬಲಗಡೆಯೆಲ್ಲ ಬಿದ್ದುಹೋಯಿತು, ಉಳಿದದ್ದು ಎಡಗೈಯ ಈ ಒಂದು ಬೆರಳು — ಏನ್ ಕೇಳಾಕತ್ಯಾಳ ನೋಡಲೇ ಹೇಮಿ, ಎಂದ ಚಿಕ್ಕಪ್ಪ ಜಡೆಪ್ಪ, ದಿನಾ ಮಂದಿ ಕೈಸನ್ನಿ ಓದಾಕ ಪಗಾರ ತಗೊಂತಿ, ನಮ್ಮವ್ವನ ಒಂದ್ ಬೆರಳು ಓದಾಕ ಬರೋದಿಲ್ಲೇನು?

ಓದುತ್ತಾಳೆ, ಹೌದು, ಕಂಪ್ಯೂಟರಿಗೆ ಕಲಿಸಲಿಕ್ಕೆ, ದಿನಕ್ಕೆ ಎಂಟುನೂರು ವಿಡಿಯೊ, ಯಾರ್ಯಾರದೋ ಕೈಗಳು, ಜಾರಿಸಿದರೆ ಸ್ವೈಪ್, ಚಿವುಟಿದರೆ ಪಿಂಚ್, ಯಾವುದಕ್ಕೂ ಸೇರದಿದ್ದರೆ ‘ಅರ್ಥವಿಲ್ಲ’ ಎಂಬ ಬೂದು ಗುಂಡಿ, ಇನ್ನೈದು ವರ್ಷ ಅಷ್ಟೇರಿ, ಮೌಸ್ ಇರಲ್ಲ, ಕೀಬೋರ್ಡ್ ಇರಲ್ಲ, ಕೈ ಎತ್ತಿದ್ರ ಸಾಕು ಮಷೀನಿಗೆ ಮನಸ್ಸೇ ತಿಳೀತೈತಿ, ಎನ್ನುತ್ತಾನೆ ಟೀಮ್ ಲೀಡರ್ ಕಿರಣ್ ಕುಮಾರ್, ಒಂದ್ ಕೈಗೆ ಮೂರು ಸೆಕೆಂಡ್ ಮ್ಯಾಲೆ ತಗೋಬ್ಯಾಡ್ರಿ ಹೇಮಾ, ಕನಸ್ ಕಾಣಾಕ ಮನಿ ಐತಿ — ಮೂರು ಸೆಕೆಂಡ್ ಆಯಿತು, ಬೆರಳು ನಿಂತೇ ಇದೆ, ನೀರಿರಬೇಕು, ಹತ್ತಿ ಅದ್ದಿ ತುಟಿಗೆ ಹಚ್ಚಿದಳು, ಅಲ್ಲ, ಫ್ಯಾನಿರಬೇಕು, ಜೋರು ಮಾಡಿದಳು, ಅಲ್ಲ, ಬೆರಳು ಬೇಸತ್ತು ಕೆಳಗಿಳಿದು ಹಾಸಿಗೆಯ ಮೇಲೆ ಏರಿ ಇಳಿಯುವ ಒಂದು ಗೆರೆ ಎಳೆಯಿತು, ಗೆರೆಯ ಮೇಲೆ ಚುಕ್ಕಿ ಚುಕ್ಕಿ ಇಡುತ್ತ ಇಳಿದು ಬಂತು, ತಟ್ಟಿತು, ಎದ್ದು ನಿಂತಿತು, ಅಜ್ಜಿಯ ಕಣ್ಣು ಹೇಮಾವತಿಯ ಬಾಯಿಯ ಮೇಲೆ, ಬಾಯಿಯನ್ನು ಯಾಕೆ ನೋಡುತ್ತಾಳೆ, ಬಿಡಲೇ, ನಂಗ ಬೈಯಾಕತ್ಯಾಳ, ಹುಟ್ಟಿದಾಗಿಂದ ನಂಗ ಬೆರಳ್ ತೋರ್ಸೋದ ಅಕಿ ಕೆಲಸ, ಎಂದು ಚಿಕ್ಕಪ್ಪ ನಕ್ಕ, ನಕ್ಕು ಟವಲಿನಿಂದ ಕಣ್ಣೊರೆಸಿಕೊಂಡ. ನರ್ಸ್ ಬಗ್ಗಿ ನೋಡಿದಳು, ನರ ಜಗ್ತಾವಮ್ಮ, ಅದಕ್ಕೇನೂ ಅರ್ಥ ಇಲ್ಲ — ಅರ್ಥವಿಲ್ಲ, ಬೂದು ಗುಂಡಿ, ಹೇಮಾವತಿಯ ಹೆಬ್ಬೆರಳು ತೊಡೆಯ ಮೇಲೆ ತಾನಾಗಿ ಒತ್ತಿಕೊಂಡಿತು, ಮಲಕೋ ಅಜ್ಜಿ, ಎತ್ತಿದ ಬೆರಳನ್ನು ಅವಳೇ ಮೆಲ್ಲಗೆ ಮಡಚಿ ಕಂಬಳಿಯೊಳಗೆ ಇಟ್ಟಳು.

ಕಿಟಕಿಯಾಚೆ ಅದಿರಿನ ಲಾರಿ ಹೋಯಿತು, ಎಲೆಗಳ ಮೇಲೆ ಕೆಂಪು ಧೂಳು, ಧೂಳಿನಾಚೆ ಗುಡ್ಡ, ಏರಿ ಇಳಿಯುವ ಗೆರೆ, ಏರಿ ಇಳಿಯುವ — ದರೋಜಿಯ ಅಜ್ಜಿಮನೆ ಕಟ್ಟೆ, ಅಜ್ಜಿಯ ಮಡಿಲಲ್ಲಿ ತನ್ನ ಪುಟ್ಟ ಅಂಗೈ, ಅಂಗೈ ಮೇಲೆ ಅಜ್ಜಿಯ ಬಲಗೈ ಬೆರಳು ಗುಡ್ಡ ಬರೆಯುತ್ತದೆ, ಗುಡ್ಡದಿಂದ ಕರಡಿ ಇಳಿಯುತ್ತದೆ, ಚುಕ್ಕಿ ಚುಕ್ಕಿ ಹೆಜ್ಜೆ, ಒಂದು ಮಾತು ಮುಗಿದರೆ ತಟ್ಟುತ್ತದೆ, ಎದ್ದು ಕಾಯುತ್ತದೆ, ಹೂಂ ಅನ್ನಲೇ, ನೀ ಹೂಂ ಅನ್ನದಿದ್ರ ಕರಡಿ ಎತ್ತಿದ ಕಾಲು ಹೆಂಗ ಕೆಳಗಿಡತೈತಿ, ಎನ್ನುವಳು ಅಜ್ಜಿ, ಹೂಂ ಅನ್ನುತ್ತಾ ಅನ್ನುತ್ತಾ ಹೇಮಿ ನಿದ್ದೆ ಹೋಗುತ್ತಿದ್ದಳು, ಕರಡಿ ಎಲ್ಲಿಗೆ ಹೊರಟಿತ್ತೆಂದು ಒಂದು ದಿನವೂ ಕೇಳಲಿಲ್ಲ, ಎಡಗೈಯಲ್ಲಿ ಅಜ್ಜಿ ಎಂದೂ ಕಥೆ ಹೇಳಿರಲಿಲ್ಲ, ಅದಕ್ಕೇ, ಅದಕ್ಕೇ ತಿಳಿಯಲಿಲ್ಲ — ಕಂಬಳಿ ಕಿತ್ತಳು, ಮಡಚಿದ ಬೆರಳನ್ನು ಬಿಡಿಸಿ ಅಂಗೈ ಮೇಲೆ ಇಟ್ಟುಕೊಂಡಳು, ಹೂಂ, ಅಜ್ಜಿ, ಹೂಂ, ಏನಾತಲೇ ಎಂದ ಚಿಕ್ಕಪ್ಪ, ಬೆರಳು ಇನ್ನೂ ಬೆಚ್ಚಗಿದೆ, ಏಳುತ್ತಿಲ್ಲ, ಕಣ್ಣು ಫ್ಯಾನಿನ ಕಡೆ ತೆರೆದೇ ಇದೆ, ರೆಪ್ಪೆ ಬಡಿಯುತ್ತಿಲ್ಲ, ಹೂಂ, ಸರೀರಿ ಸರೀರಿ ಎನ್ನುತ್ತ ನರ್ಸ್ ಭುಜ ಹಿಡಿದು ಪಕ್ಕಕ್ಕೆ ತಳ್ಳುತ್ತಿದ್ದಾಳೆ, ಹೂಂ, ಹೂಂ, ಗುಡ್ಡದ ಅರ್ಧದಲ್ಲಿ ಕರಡಿ, ಒಂದು ಕಾಲು ಎತ್ತಿ, ಇತ್ತಲೇ ನೋಡುತ್ತಾ, ಒಂದು ಕಾಲು ಎತ್ತಿ