ಏಳು ಮೊಳೆಯ ತೇಪೆ

ಪೋಯ್ಗನ್ ಸರೋವರದ ದಡದ ಶೆಡ್ಡಿನಲ್ಲಿ ವರ್ನಾ ಬಾತುಕೋಳಿ ಬೇಟೆಯ ಹಳೆಯ ಫೈಬರ್‌ಗ್ಲಾಸ್ ದೋಣಿಯನ್ನು ಮಗುಚಿಹಾಕಿ, ಉಪ್ಪುಕಾಗದದಿಂದ ಬಣ್ಣ ಉಜ್ಜುತ್ತಿದ್ದಳು. ಹರಾಜಿನಲ್ಲಿ ಸಿಕ್ಕ ಆ ದೋಣಿಯ ಮೇಲೆ ಮಾಡಿದವರ ಹೆಸರಿರಲಿಲ್ಲ. ಅದರ ಬಾಗು ಮಾತ್ರ ಅಪ್ಪ ಕಟ್ಟಿದ್ದ ಮರದ ದೋಣಿಯ ಹಾಗೆಯೇ ಇತ್ತು. ಅಪ್ಪನದು ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಸುಟ್ಟುಹೋಗಿತ್ತು. ಅವನ ಕೈಕೆಲಸವೆಂದು ಅವಳ ಬಳಿ ಬೇರೇನೂ ಉಳಿದಿರಲಿಲ್ಲ. ಬರೀ ಆಸೆಗೆ ಈ ಬಾಗು ಹಾಗೆ ಕಾಣುತ್ತಿದೆಯೇನೋ ಎಂದು ಅವಳಿಗೆ ಅನುಮಾನ.

ದಪ್ಪ ಬಣ್ಣದ ಪದರಗಳು ಹೋದ ಮೇಲೆ ಮುಂತುದಿಯ ಬಳಿ ಅಂಗೈಯಗಲದ ಚೌಕ ಉಬ್ಬೊಂದು ಕಾಣಿಸಿತು. ಅಂಚಿನ ಸುತ್ತ ಏಳು ಸಣ್ಣ ಗುಬಟುಗಳು.

ಪಕ್ಕದ ಮನೆಯ ಮುದುಕ ಎಲ್ಡನ್ ಕಾಫಿ ಲೋಟ ಹಿಡಿದು ನೋಡುತ್ತಿದ್ದ. "ಅದೇನ್ ಹಾಗೆ ಸವರ್ತಾ ಕೂತಿದ್ದೀಯ? ಉಜ್ಜಿ ತೆಗಿ ಅತ್ಲಾಗೆ. ಬಾತುಕೋಳಿಗಳೇನು ನಿನ್ ದೋಣಿ ಚಂದ ನೋಡಕ್ಕೆ ಬರ್ತಾವಾ?"

"ಇದು ಅಪ್ಪನ ದೋಣೀಲಿದ್ದ ತಗಡಿನ ತೇಪೆ ಗುರುತು, ಎಲ್ಡನ್. ಅಪ್ಪ ಹೊಡೀವಾಗ ಮೊಳೆ ಒಂದೊಂದೇ ಎತ್ತಿಕೊಟ್ಟೋಳು ನಾನು. ಏಳು ಮೊಳೆ. ಇಲ್ಲಿಗೆ ಹೇಗೆ ಬಂತು?"

ಎಲ್ಡನ್ ಲೋಟದೊಳಗೆ ನೋಡಿದ. "ಒಂದು ಚಳಿಗಾಲ ನಿಮ್ಮಪ್ಪನ ದೋಣಿ ಎರವಲು ತಗೊಂಡಿದ್ದೆ. ಅದರ ಮೇಲೇ ಅಚ್ಚು ತೆಗ್ದು ಈ ಫೈಬರ್‌ಗ್ಲಾಸ್ ದೋಣಿ ಮಾಡ್ದೆ. ತೇಪೆನೂ ಅಚ್ಚಲ್ಲಿ ಬಿತ್ತು. ಅವನಿಗೆ ಹೇಳ್ಲೇ ಇಲ್ಲ."

ಬೈಯಬೇಕೆಂದು ವರ್ನಾ ಬಾಯಿ ತೆರೆದಳು. ಆದರೆ ಇವನು ಅಚ್ಚು ಕದಿಯದಿದ್ದರೆ ಅಪ್ಪನ ದೋಣಿಯ ಈ ಗುರುತೂ ಇರುತ್ತಿರಲಿಲ್ಲ. ಅವಳು ಉಪ್ಪುಕಾಗದದ ಒಂದು ತುಂಡು ಹರಿದು ಅವನ ಕೈಗಿಟ್ಟಳು.

"ಆ ಕಡೆಯಿಂದ ಉಜ್ಜಿ. ತೇಪೆ ಮಾತ್ರ ಮುಟ್ಟಬೇಡಿ."