ಕುಂತ ಕಲ್ಲು

ನಾನು ಪಂಪಾಪತಿ. ಗೊರೇಬಾಳದ ಕಾಲುವೆ ದಂಡೆಯ ಮೇಲೆ ನಿಂತು ನಾನು ಮಾತಾಡಿದರೆ ಆ ಕಡೆ ದಂಡೆಯಲ್ಲಿ ಬೈಕಿನ ಮೇಲೆ ಹೋಗುವವರು ಬ್ರೇಕ್ ಹಾಕಿ ತಿರುಗಿ ನೋಡುತ್ತಾರೆ. ಮಾತಾಡಿದರೆ ಅಂದೆ, ಕೂಗಿದರೆ ಏನಾಗುತ್ತದೋ ನೀವೇ ಅಂದಾಜು ಮಾಡಿ. ‘ಇವರಿಗೆ ಮೊಬೈಲ್ ಕೊಡಿಸಿದ್ದು ದಂಡ’ ಎಂದು ನನ್ನ ಹೆಂಡತಿ ಬಸವಣ್ಣೆಮ್ಮ ಬಂದ ಬೀಗರ ಮುಂದೆಲ್ಲ ಹೇಳುತ್ತಾಳೆ. ಈ ದನಿಯನ್ನು ನಾನು ವರ್ಷಗಟ್ಟಲೆ ಒಬ್ಬರ ಮೇಲೇ ಖರ್ಚು ಮಾಡಿದೆ. ಪಕ್ಕದ ಹೊಲದ ಶಂಶಾದ್‌ಬೀ ಮೇಲೆ.

ನಮ್ಮ ಹೊಲ ಪಡುವಣಕ್ಕೆ, ಆಕೆಯದು ಮೂಡಣಕ್ಕೆ, ನಡುವೆ ಒಂದು ಒಡ್ಡು. ಕಾಲುವೆ ನೀರು ಬಂದಾಗಿನಿಂದ ಎರಡೂ ಭತ್ತದ ಗದ್ದೆ. ವರ್ಷದ ಬಹುಪಾಲು ಮೊಣಕಾಲುದ್ದ ಕೆಸರು. ಒಣ ನೆಲ ಅಂತ ಇರುವುದು ಒಡ್ಡಿಗೆ ಹತ್ತಿ ನಮ್ಮ ಕಡೆಗಿರುವ ಒಂದು ದಿಬ್ಬ ಮಾತ್ರ. ಅದರ ಮೇಲೆ ಬೇವಿನ ಗಿಡ, ಗಿಡದ ಕೆಳಗೆ ನನ್ನ ಅವ್ವ ಜೋಗಮ್ಮನ ಸಮಾಧಿ. ನಮ್ಮ ಮಂದಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅವ್ವ ಹಾಸಿಗೆ ಹಿಡಿದಾಗ, ‘ನನ್ನ ಬೇವಿನ ಗಿಡದ ಬುಡಕ್ಕ ಇಡ್ರಿ. ಬ್ಯಾರೆ ಕಡಿ ಒಯ್ದ್ರ ಎದ್ದು ಬರ್ತೀನಿ’ ಎಂದಿದ್ದಳು. ನನ್ನ ದನಿ ಎಲ್ಲಿಂದ ಬಂತು ಎಂದು ಇನ್ನು ಕೇಳಬೇಡಿ.

ಸಮಾಧಿಯ ಈಚೆಗೆ, ನಮ್ಮ ಗದ್ದೆಯ ಅಂಚಿಗೆ ಒಂದು ಕಲ್ಲು. ಮೊಣಕಾಲೆತ್ತರ, ಮೇಲೆ ಚಪ್ಪಟೆ. ನನಗೆ ಬುದ್ಧಿ ಬಂದಾಗಿನಿಂದ ಅಲ್ಲೇ ಇದೆ. ಬುದ್ಧಿ ಬಂದಾಗಿನಿಂದ ಅಂದದ್ದು ಮಾತಿಗೆ. ಅದು ಬಂದದ್ದು ಮೊನ್ನೆ. ದಿನಾ ಸಂಜೆ ಅವ್ವನಿಗೆ ಊದುಬತ್ತಿ ಹಚ್ಚಿ, ಆ ಕಲ್ಲಿನ ಮೇಲೆ ಗೋಣಿಚೀಲ ಮಡಚಿ ಹಾಕಿ ಕೂಡುತ್ತಿದ್ದೆ. ಕುಂತ ಮೇಲೆ ಶಂಶಾದ್‌ಬೀ ಹೊಲದ ಕಡೆ ಮುಖ ಮಾಡಿ ಬಯ್ಯಲು ಶುರು ಮಾಡುತ್ತಿದ್ದೆ. ಪ್ರತಿ ಯುಗಾದಿಗೆ ಸಮಾಧಿಗೆ ಸುಣ್ಣ ಬಳಿದು ಉಳಿದದ್ದನ್ನು ಈ ಕಲ್ಲಿಗೂ ಬಳಿಯುತ್ತಿದ್ದೆ. ಕೂಡುವ ಜಾಗ ಚೊಕ್ಕ ಇರಬೇಕು ನೋಡಿ.

ಜಗಳ ಒಡ್ಡಿನದು. ಹಿಂದೆ ಅದರ ಮೇಲೆ ಬುತ್ತಿ ಹೊತ್ತ ಹೆಂಗಸರು ಎದುರುಬದುರು ದಾಟಿ ಹೋಗುತ್ತಿದ್ದರು. ಈಗ ಏಡಿ ಕೂಡ ಯೋಚನೆ ಮಾಡಿ ಕಾಲಿಡಬೇಕು, ಅಷ್ಟು ಸಣ್ಣಗಾಗಿತ್ತು. ಸಣ್ಣಗಾದದ್ದು ಹೇಗೆ? ಪ್ರತಿ ನಾಟಿಗೆ ಆಕೆಯ ಆಳುಗಳು ಆ ಕಡೆಯಿಂದ ಸಲಿಕೆ ಹಾಕಿ ಕೆತ್ತುತ್ತಿದ್ದರು, ಅದು ಒತ್ತುವರಿ. ನಾನು ಈ ಕಡೆಯಿಂದ ಕೆತ್ತುತ್ತಿದ್ದೆ. ಅದು ಹುಲ್ಲು ತೆಗೆಯುವುದು. ಇಷ್ಟು ಸರಳ ವ್ಯತ್ಯಾಸ ಆ ಮುದುಕಿಗೆ ತಿಳಿಯುತ್ತಿರಲಿಲ್ಲ.

ಸಣ್ಣವನಿದ್ದಾಗ ನಾನು ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅವ್ವ ಮತ್ತು ಆಕೆ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದರೆ ಇಬ್ಬರ ರೊಟ್ಟಿಗೂ ಮೊದಲ ಹಕ್ಕುದಾರ ನಾನು. ಒಡ್ಡಿನ ಜಗಳ ಶುರುವಾದ ಮೇಲೆ ಖಾಲಾ ಹೋಗಿ ಶಂಶಾದ್‌ಬೀ ಆದಳು, ಆಮೇಲೆ ‘ಆ ಕಡಿಯಾಕಿ’ ಆದಳು. ಆಕೆಯೂ ಏನು ಕಡಿಮೆಯಲ್ಲ. ನಾನು ಒಂದು ಅಂದರೆ ಎರಡು ತಿರುಗಿಸಿ ಕೊಡುವಾಕೆ. ಆದರೆ ನಾನು ‘ಖರೇ ಗಡಿ ಇನ್ನೂ ಆ ಕಡಿ ಐತಿ, ಗಡಿಕಲ್ಲು ಕದ್ದು ನಮ್ಮ ಭೂಮಿ ನುಂಗೀದಿ’ ಎಂದಾಗ ಮಾತ್ರ ಬೇವಿನ ಗಿಡದ ಕಡೆ ಒಮ್ಮೆ ನೋಡಿ, ಸೆರಗನ್ನು ಬಾಯಿಗೆ ಹಿಡಿದು ಸುಮ್ಮನಾಗಿಬಿಡುತ್ತಿದ್ದಳು. ತಪ್ಪು ಮಾಡಿದವರಲ್ಲವೇ ಹಾಗೆ ಸುಮ್ಮನಾಗುವುದು? ನಾನಂತೂ ಹಾಗೇ ತಿಳಿದಿದ್ದೆ.

ಈ ಸಲ ನಾಟಿಯಾದ ಮೇಲೆ ಒಡ್ಡು ಒಡೆಯಿತು. ಆವತ್ತೇ ಎರಚಿದ್ದ ನನ್ನ ಯೂರಿಯಾ ನೀರಿನ ಜೊತೆ ಹೋಗಿ ಆಕೆಯ ಗದ್ದೆ ಸೇರಿತು. ನನ್ನ ಯೂರಿಯಾ, ಆಕೆಯ ಭತ್ತ! ಹಸಿರು ಅಂದರೆ ಹಸಿರಾಯಿತು ಆಕೆಯ ಪೈರು, ನೋಡಲಾಗಲಿಲ್ಲ ನನಗೆ. ಮರುದಿನವೇ ಸಿಂಧನೂರಿಗೆ ಹೋಗಿ ಹದ್ದುಬಸ್ತಿಗೆ ಅರ್ಜಿ ಗುಜರಾಯಿಸಿ ಬಂದೆ. ಹದ್ದುಬಸ್ತು ಅಂದರೆ ಸರ್ಕಾರದ ಸರ್ವೇಯರು ಬಂದು, ಹಳೇ ಗಡಿಕಲ್ಲು ಹುಡುಕಿ, ಅಳೆದು, ಯಾರದು ಎಲ್ಲಿಗೆ ಮುಗಿಯುತ್ತದೆ ಎಂದು ತೋರಿಸಿ ಹೋಗುವುದು.

“ಇರಲಾರದ ಇರುವಿ ಬಿಟಗೊಂಡ್ರಂತ,” ಎಂದಳು ಬಸವಣ್ಣೆಮ್ಮ.

“ನಿನಗೇನ್ ತಿಳಿತೈತಿ, ಸುಮ್ನಿರು,” ಎಂದೆ. ಆಕೆ ಸುಮ್ಮನಿದ್ದಳು. ನಮ್ಮ ಮನೆಯಲ್ಲಿ ಆಕೆ ಸುಮ್ಮನಿದ್ದಾಗಲೆಲ್ಲ ನನಗೆ ಕೇಡು ಕಾದಿರುತ್ತದೆ, ಆದರೂ ಎಚ್ಚರವಾಗಲಿಲ್ಲ.

ಅಳತೆಯಾದ ಮೇಲೆ ನೆಡಲು ಹೊಸ ಕಲ್ಲುಗಳನ್ನು ಅರ್ಜಿ ಹಾಕಿದವರೇ ತಂದಿಡಬೇಕು. ಮೊಣಕಾಲೆತ್ತರದ ಕಲ್ಲಾದರೆ ಸಾಕು. ನಾನು ಮಸ್ಕಿಗೆ ಹೋಗಿ ಎದೆಯೆತ್ತರದ ಕಲ್ಲು ಕಡಿಸಿದೆ. ತನ್ನ ಪಂಪ್‌ಸೆಟ್ಟಿನ ಗುಡಿಸಲಲ್ಲಿ ಕುಂತರೂ ಆಕೆಗೆ ಕಾಣಬೇಕಲ್ಲ! ಸಾಲದ್ದಕ್ಕೆ ಒಂದು ಮಗ್ಗುಲಿಗೆ ಕೆಂಪು ಬಣ್ಣದಲ್ಲಿ ‘ಪಂಪಾಪತಿ’ ಎಂದು ಬರೆಸಿದೆ. ಕಲ್ಲುಕುಟಿಗ, “ಎರಡೂ ಕಡಿ ಬರೀಲೇನ್ರೀ?” ಎಂದ. “ಒಂದ ಕಡಿ ಸಾಕು. ಓದಬೇಕಾದಾಕಿ ಒಬ್ಬಾಕಿ ಅದಾಳ,” ಎಂದೆ.

ಅಳತೆಗೆ ಲಿಂಗಸುಗೂರಿನ ಕಡೆಯ ಹುಡುಗಿ ಬಂದಳು, ಅಶ್ವಿನಿ ಎಂದು ಹೆಸರು. ಸರ್ವೇಯರು ಅಂದರೆ ಸರಪಳಿ ಎಳೆಯುವವರು ಬರುತ್ತಾರೆಂದು ನಾನು ಆಳುಗಳನ್ನು ನಿಲ್ಲಿಸಿಕೊಂಡಿದ್ದೆ. ಆಕೆಯ ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೆ ತಟ್ಟೆಯಂಥದ್ದು, ನಡುವೆ ಒಂದು ಮೊಬೈಲು, ಅಷ್ಟೇ. ಆಕಾಶದ ಉಪಗ್ರಹಕ್ಕೆ ಕೇಳಿ ಜಾಗ ಹೇಳುತ್ತದಂತೆ. ನೋಟಿಸು ಹೋಗಿದ್ದರಿಂದ ಶಂಶಾದ್‌ಬೀಯೂ ಬಂದು ಒಡ್ಡಿನ ಆಚೆ ಕೊಡೆ ಹಿಡಿದು ನಿಂತಿದ್ದಳು. ಸಾಕ್ಷಿಗೆ ಪಂಚನಾಗಿ ನನ್ನ ಚಿಕ್ಕಪ್ಪನ ಮಗ ಗುರುಬಸವ ಬಂದಿದ್ದ. ಬಸವಣ್ಣೆಮ್ಮ ಚಹಾದ ಕೆಟಲು ತಂದಿದ್ದಳು. ಚಹಾ ನೆಪ, ತಮಾಷೆ ನೋಡಲು ಬಂದದ್ದು.

ಇಷ್ಟು ಜನ ಸೇರಿದ ಮೇಲೆ ನಾನು ಭಾಷಣ ಮಾಡದೆ ಇರುವುದುಂಟೆ? ನನ್ನ ಕಲ್ಲಿನ ಮೇಲೆ ಕುಂತು ಗಂಟಲು ಸರಿ ಮಾಡಿಕೊಂಡೆ.

“ನೋಡ್ರಿ ಮೇಡಂ, ಎಲ್ಲಾರೂ ಕೇಳ್ರಿ. ಇವತ್ತು ಗಡಿ ಗೊತ್ತಾದ ಮ್ಯಾಲ, ಗಡಿ ದಾಟಿ ಬಂದದ್ದು ಏನರ ಇರಲಿ, ಗಿಡ ಇರಲಿ, ಗುಡಿಸಲ ಇರಲಿ, ಇವತ್ತ ಕಿತ್ತಿ ಒಗೀಬೇಕು. ಕರುಣಾ ಗಿರುಣಾ ನಡಿಯಂಗಿಲ್ಲ!”

ಶಂಶಾದ್‌ಬೀ ಏನೋ ಹೇಳಲು ಬಾಯಿ ತೆರೆದು, ಬೇವಿನ ಗಿಡ ನೋಡಿ, ಸೆರಗು ಬಾಯಿಗೆ ಹಿಡಿದಳು.

ಅಶ್ವಿನಿ ಮೊದಲು ಕಾಲುವೆಯ ಹತ್ತಿರ ಒಂದು ಹಳೇ ಕಲ್ಲು ಪತ್ತೆ ಮಾಡಿದಳು, ಆಮೇಲೆ ರಸ್ತೆಯ ಮೂಲೆಯಲ್ಲಿ ಇನ್ನೊಂದು. ಅವೆರಡರ ಆಧಾರದ ಮೇಲೆ ನಡುವಿನ ಕಲ್ಲು ಎಲ್ಲಿರಬೇಕು ಎಂದು ಹುಡುಕುತ್ತ ಒಡ್ಡಿನ ಕಡೆ ಬಂದಳು. ನಾನು ಶಂಶಾದ್‌ಬೀಯ ಗದ್ದೆಯತ್ತ ಕೈ ಮಾಡಿ, “ಆ ಕಡಿ ಹೋಗ್ರಿ. ಇನ್ನೂ ಆ ಕಡಿ. ಕೆಸರಾಗ ಹುಗಿದಿಟ್ಟಾಳ ನೋಡ್ರಿ!” ಎನ್ನುತ್ತಿದ್ದೆ. ಆಕೆ ಮೊಬೈಲು ನೋಡುತ್ತ ಒಡ್ಡು ದಾಟಿ ಈ ಕಡೆಗೇ ಬಂದಳು. ಬೇವಿನ ಗಿಡ ದಾಟಿದಳು. ಅವ್ವನ ಸಮಾಧಿ ಸುತ್ತಿದಳು. ನನ್ನ ಮುಂದೆ ಬಂದು ನಿಂತಳು.

“ಯಜಮಾನ್ರ, ಸ್ವಲ್ಪ ಏಳ್ರಿ.”

“ಯಾಕವಾ?”

“ನಿಮ್ಮ ಕೆಳಗ ತೋರಸಾಕತ್ತೈತಿ.”

ಎದ್ದೆ. ಆಕೆ ಗೋಣಿಚೀಲ ತೆಗೆದು, ಕಳೆ ಕೀಳುವ ಕುರ್ಚಿಗೆಯಿಂದ ಸುಣ್ಣ ಕೆರೆಯತೊಡಗಿದಳು. ಒಂದು ಯುಗಾದಿಯ ಸುಣ್ಣ ಉದುರಿತು, ಅದರ ಕೆಳಗೆ ಹಿಂದಿನ ಯುಗಾದಿಯದು, ಅದರ ಕೆಳಗೆ ಅದರ ಹಿಂದಿನದು. ಕೊನೆಗೆ ಕರೀ ಕಲ್ಲಿನ ನೆತ್ತಿಯ ಮೇಲೆ, ಉಳಿಯಿಂದ ಕಡಿದ ಅಡ್ಡಗೆರೆ ಉದ್ದಗೆರೆಯ ಗಡಿ ಗುರುತು ಚೊಕ್ಕವಾಗಿ ಕಾಣಿಸಿತು. ಯಾವ ಕಲ್ಲನ್ನು ಕದ್ದಿದ್ದಾಳೆ ಎಂದು ನಾನು ವರ್ಷಗಟ್ಟಲೆ ಆಕೆಯನ್ನು ಬಯ್ದಿದ್ದೆನೋ, ಅದೇ ಕಲ್ಲಿನ ಮೇಲೆ ಕುಂತೇ ಬಯ್ದಿದ್ದೆ!

ಗುರುಬಸವ ಹೊಟ್ಟೆ ಹಿಡಿದುಕೊಂಡು ನಕ್ಕ. “ಬಗಲಾಗ ಕೂಸ ಇಟಗೊಂಡು ಊರೆಲ್ಲಾ ಹುಡುಕಿದ್ರಂತ. ನಮ್ಮಣ್ಣ ಬಗಲಾಗಲ್ಲ, ಕುಂಡಿ ಕೆಳಗ ಇಟಗೊಂಡಿದ್ದ!”

ನಾನೂ ನಗಲು ಹೋದೆ. ಅಷ್ಟರಲ್ಲಿ ಅಶ್ವಿನಿ ಆ ಕಲ್ಲಿನಿಂದ ಕಾಲುವೆಯ ಕಡೆಗೆ ಸುಣ್ಣದಪುಡಿಯ ಗೆರೆ ಎಳೆದಳು. ಗೆರೆ ನೇರವಾಗಿ ಹೋಯಿತು. ದಿಬ್ಬ, ಬೇವಿನ ಗಿಡ, ಎಲ್ಲ ಗೆರೆಯ ಆಚೆ ಉಳಿದವು.

“ಗೆರಿ ಆ ಕಡಿ ಇರೋದೆಲ್ಲ ಶಂಶಾದ್‌ಬೀ ಅವರ ಸರ್ವೆ ನಂಬರ್‌ನಾಗ ಬರತೈತ್ರಿ,” ಎಂದಳು.

“ಗಿಡಾ?”

“ಗಿಡಾನೂ.”

“ಮತ್ತ... ನಮ್ಮವ್ವನ ಸಮಾಧಿ ಕಟ್ಟಿ?”

ಆಕೆ ತಲೆ ಎತ್ತಲಿಲ್ಲ. “ಅದೂ ರೀ.”

ಯಾರೂ ನಗಲಿಲ್ಲ ಆಮೇಲೆ. ‘ಇವತ್ತ ಕಿತ್ತಿ ಒಗೀಬೇಕು’ ಎಂದ ನನ್ನ ಮಾತು ಇನ್ನೂ ಅಲ್ಲೇ, ಬೇವಿನ ಟೊಂಗೆಗೆ ಜೋತುಬಿದ್ದಂತೆ ನನಗೆ ಅನಿಸಿತು. ಕೀಳುವುದು ಅಂದರೆ ಅವ್ವನನ್ನು ಎಲ್ಲಿಗೆ ಒಯ್ಯಲಿ? ನಮ್ಮ ಹೊಲದಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ನೀರು. ಅವ್ವನನ್ನು ಎಬ್ಬಿಸಿ ಕೆಸರಿನಲ್ಲಿ ಮಲಗಿಸಲೇ? ನನಗೆ ಹೆದರಿಕೆಯಾಯಿತು. ಬಾಯಿ ತೆರೆದೆ, ಬಂದದ್ದು ಬರೀ ಗಾಳಿ.

ಶಂಶಾದ್‌ಬೀ ಒಡ್ಡು ಹತ್ತಿ ಬಂದಳು. ಕೊಡೆ ಮಡಚಿದಳು.

“ಕಿತ್ತಿ ಒಗೀಬೇಕು ಅಂದಿ ಹೌದಿಲ್ಲೋ? ಎಲ್ಲಾರೂ ಕೇಳ್ಯಾರ. ಒಗಿ ನೋಡೂಣು.”

“ನಾ ಅಂದದ್ದು...”

“ನೀ ಅಂದದ್ದು ಸಾಲಗುಂದದ ತನಾ ಕೇಳಿಸೈತಿ.” ಮಡಚಿದ ಕೊಡೆಯನ್ನು ನನ್ನತ್ತ ಚಾಚಿದಳು. “ಈಗ ನಾ ಹೇಳೂದು ಕೇಳು. ಈ ಹೊಲ ಗದ್ದಿ ಮಾಡೂ ಮುಂದ ನಿಮ್ಮಪ್ಪ ಒಡ್ಡು ಗಿಡದ ಆ ಕಡಿಯಿಂದ ಹಾಕಿದ. ನೆಳ್ಳಿಗೆ ಯಾಕ ಜಗಳಂತ ನಮ್ಮ ಮನಿಯವ್ರು ಬಿಟ್ರು. ನಿಮ್ಮವ್ವಗ ಗೊತ್ತಿತ್ತು. ಹಾಸಿಗಿ ಹಿಡಿದಾಗ ನನ್ನ ಕರಿಸಿದ್ಲು. ‘ಶಂಶಾದ್, ಜಿಂದಗಿ ಪೂರಾ ನಾಟಿ ಹಚ್ಚಿ ಹಚ್ಚಿ ಕೆಸರು ನನ್ನ ಕಾಲು ತಿಂದು ಹಾಕೇತಿ. ಸತ್ತ ಮ್ಯಾಲರ ಒಣ ನೆಲದಾಗ ಮಲಗ್ತೀನಿ. ನಿನ್ನ ಗಿಡದ ಬುಡಕ್ಕ ಜಾಗಾ ಕೊಡ್ತೀಯೇನು?’ ಅಂದ್ಲು. ಹೂಂ ಅಂದೆ. ‘ನಮ್ಮ ಪಂಪಾಪತಿಗೆ ಹೇಳಬ್ಯಾಡ, ಆಂವ ಬೆಂಕಿ. ಮಂದಿ ಹಂಗು ಬ್ಯಾಡಂತ ನನ್ನ ಒಯ್ದು ಕೆಸರಾಗ ಹುಗೀತಾನ’ ಅಂದ್ಲು. ಜಬಾನ್ ಕೊಟ್ಟೆ. ಅದಕ್ಕ ಬಾಯಿ ಮುಚಗೊಂಡು ನಿನ್ನ ಬೈಗಳ ತಿಂದೆ. ಇವತ್ತೂ ನಾ ಹೇಳಿಲ್ಲ. ನೀ ಕರೆಸಿದ ಸರ್ಕಾರನ ಹೇಳೈತಿ.”

ಸಮಾಧಿಯ ಕಡೆ ತಿರುಗಿದಳು. ಆಮೇಲೆ ದನಿ ಇಳಿಸಿದಳು.

“ನಿಮ್ಮವ್ವ ಒತ್ತುವರಿ ಮಾಡಿಲ್ಲೋ ಬೇಟಾ. ನನ್ನ ಕೇಳಿ ಮಲಗ್ಯಾಳ.”

ನನಗೆ ಅಳು ಬಂತು. ಅಳುವಾಗಲಾದರೂ ದನಿ ಸಣ್ಣದಿರಬಾರದೇ? ಸುತ್ತಲಿನ ಗದ್ದೆಗಳಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರೆಲ್ಲ ಬಗ್ಗಿದವರು ಎದ್ದು ನಿಂತರು. ಬಸವಣ್ಣೆಮ್ಮ ಬಂದು ನನ್ನ ಕೈಗೆ ಚಹಾ ಕೊಟ್ಟು, “ಕುಡೀರಿ, ಆರತೈತಿ,” ಎಂದಳು. ಆಕೆಯ ಕಣ್ಣೂ ಒದ್ದೆಯಾಗಿದ್ದವು. ಇರುವೆಯ ಗಾದೆಯನ್ನು ಆಕೆ ಮತ್ತೆ ಎತ್ತಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಎಲ್ಲಿ ಬಿಡಬೇಕೆಂದು ಗೊತ್ತಿರುತ್ತದೆ.

ಆದರೆ ತಂದ ಕಲ್ಲು ನೆಡದೆ ಬಿಡುವ ಹಾಗಿರಲಿಲ್ಲ. ಶಂಶಾದ್‌ಬೀಯೇ ಹಟ ಹಿಡಿದಳು. “ನೆಡು. ನಾಳೆ ನಿನ್ನ ಮಕ್ಕಳು ನನ್ನ ಮಕ್ಕಳು ಒದರ್ಯಾಡೂದು ಬ್ಯಾಡ.” ಆ ಸುಣ್ಣದ ಗೆರೆಯ ಮೇಲೆ ನನ್ನ ಕೈಯಿಂದಲೇ ಗುಣಿ ತೋಡಿದೆ. ಮಸ್ಕಿಯ ಎದೆಯೆತ್ತರದ ಕಲ್ಲು ಎತ್ತಿ ಇಳಿಸುವಾಗ ಕೆಂಪಕ್ಷರದ ನನ್ನ ಹೆಸರು ಬಿಸಿಲಿಗೆ ಫಳಫಳ ಹೊಳೆಯಿತು. ಗುರುಬಸವ ಮೆಲ್ಲಗೆ ಕೇಳಿದ, “ಹೆಸರು ಯಾವ ಕಡಿ ಮುಖಾ ಮಾಡ್ಲೋ ಅಣ್ಣಾ?”

ನಾನು ಮಾತಾಡುವುದರೊಳಗೆ ಶಂಶಾದ್‌ಬೀ ಹೇಳಿದಳು, “ನನ್ನ ಕಡಿನ ಮಾಡು. ನನಗೆಲ್ಲಿ ಓದಾಕ ಬರತೈತಿ?”

ಮರುದಿನ ಸಂಜೆ ಊದುಬತ್ತಿ ಹಿಡಿದುಕೊಂಡು ಹೊಲಕ್ಕೆ ಹೋದೆ. ಕಾಲು ರೂಢಿಯಂತೆ ದಿಬ್ಬದ ಕಡೆ ಹೊರಟಿತು. ಹೊಸ ಕಲ್ಲಿನ ಹತ್ತಿರ ತಡೆದು ನಿಂತೆ. ನನ್ನ ಅವ್ವ ಕೈಗೆ ಸಿಗುವಷ್ಟು ಹತ್ತಿರ, ಆದರೆ ನಡುವಿನ ನೆಲ ನನ್ನದಲ್ಲ. ಶಂಶಾದ್‌ಬೀ ಪಂಪ್‌ಸೆಟ್ಟಿನ ಗುಡಿಸಲ ಮುಂದೆ ಅಕ್ಕಿ ಹಸನು ಮಾಡುತ್ತ ಕುಂತಿದ್ದಳು. ನನ್ನನ್ನು ನೋಡಿದಳು, ನೋಡದವಳಂತೆ ಮೊರ ಕೇರಿದಳು.

ನಾನು ಏನೋ ಅಂದೆ.

“ಏನಂದಿ? ಕೇಳಿಸ್ಲಿಲ್ಲ!” ಎಂದಳು. ನನ್ನ ಮಾತು ಕೇಳಿಸಲಿಲ್ಲ ಎಂದು ಈ ಸೀಮೆಯಲ್ಲಿ ಅಂದವರು ಆಕೆಯೇ ಮೊದಲು.

ಗಂಟಲು ಸರಿ ಮಾಡಿಕೊಂಡೆ.

“ಖಾಲಾ, ಒಳಗ ಬರ್ಲೇನ್ರೀ?”

ಆಕೆ ಮೊರ ಕೆಳಗಿಟ್ಟಳು.

“ಬಾ. ಚಪ್ಪಲಿ ಅಲ್ಲೇ ಬಿಡು,” ಎಂದಳು. “ಮತ್ತ ಒದರಬ್ಯಾಡ. ಆಕಿ ಮಲಗ್ಯಾಳ.”